ಮಗಳ ಕೈಯಲ್ಲಿ ಇಸ್ಪೀಟೆಲೆ

ನಾಗರಪಂಚಮಿಗೆ ಇನ್ನು ಮೂರೇ ದಿನ. ಯಾದಗಿರಿಯ ನಮ್ಮ ಮನೆಯಲ್ಲಿ ಎಳ್ಳುಂಡಿ, ಶೇಂಗಾದುಂಡಿ ಕಟ್ಟಿ ಮುಗಿಸಿ, ಅಳ್ಳಿಟ್ಟಿನ ಉಂಡಿಗೆಂದು ಬೆಲ್ಲದ ಪಾಕ ಒಲೆಯ ಮೇಲಿಟ್ಟಿದ್ದೆ. ಅಷ್ಟರಲ್ಲಿ ಸುರಪುರದಿಂದ ತಂಗಿಯ ಫೋನು ಬಂತು.

“ಅಕ್ಕಾ, ಒಂದ್ ಸಲ ಬಂದ್ ಹೋಗು. ಹುಡುಗಿ ಎರಡು ದಿನ ಆಯ್ತು, ನೆಟ್ಟಗ ಉಂಡಿಲ್ಲ. ಅಕಿ ಇಸ್ಪೀಟ್ ಎಲಿ ಅವರಪ್ಪ ಬಚ್ಚಲ ಒಲಿಗಿ ಹಾಕ್ಯಾರ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಇಸ್ಪೀಟು? ಪಿಯುಸಿ ಎರಡನೆಯ ವರ್ಷ ಓದುವ ನಮ್ಮ ಹುಡುಗಿಯ ಕೈಯಲ್ಲಿ? ಫೋನು ಕೆಳಗಿಡುವಷ್ಟರಲ್ಲಿ ಪಾಕ ಕಲ್ಲಾಗಿತ್ತು.

ಸೋದರಿಯರೇ, ಆ ಮನೆಯಲ್ಲಿ ಈ ಮಾತಿಗೆ ಎಷ್ಟು ಭಾರವೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ತಂಗಿಯ ಮಾವನವರು ಒಂದು ದೀಪಾವಳಿಯ ಮೂರು ರಾತ್ರಿಗಳಲ್ಲಿ ಅಂದರ್-ಬಾಹರ್ ಆಡಿ ನಾಲ್ಕು ಎಕರೆ ಎರೆಹೊಲ ಕಳೆದವರು. ಅತ್ತೆಯ ಕೊರಳಿನ ಬೋರಮಾಳವೂ ಅದರ ಹಿಂದೆಯೇ ಹೋಯಿತು. ಆಗ ಹನ್ನೊಂದು ವರ್ಷದವನಾಗಿದ್ದ ತಂಗಿಯ ಗಂಡ ಶಾಲೆ ಬಿಟ್ಟು ಕಿರಾಣಿ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟಲು ನಿಂತ. ಈಗ ಅವರದೇ ಅಂಗಡಿ ಇದೆ, ದೇವರು ದೊಡ್ಡವನು. ಆದರೆ “ಎಲಿ ನಮ್ಮ ಹೊಸ್ತಿಲ ದಾಟಬಾರದು” ಎಂದು ಅಂದು ಅತ್ತೆ ಹಾಕಿದ ಆಣೆ ಇನ್ನೂ ಹಾಗೆಯೇ ಇದೆ. ಆ ಮನೆಯಲ್ಲಿ ಮಕ್ಕಳು ಹಬ್ಬಕ್ಕೂ ಎಲೆ ಮುಟ್ಟಿದ್ದಿಲ್ಲ.

ಮರುದಿನವೇ ಬಸ್ಸು ಹಿಡಿದೆ. ಭೀಮಾನದಿ ದಾಟಿ ಶಹಾಪುರಕ್ಕೆ ಬಂದಾಗ ಎಂದಿನಂತೆ ಮಲಗಿದ ಬುದ್ಧನ ಬೆಟ್ಟ ಕಂಡಿತು. ಮುಂದಿನ ಸೀಟಿನ ಹುಡುಗರಿಬ್ಬರು ಮೊಬೈಲೆತ್ತಿ ಫೋಟೋ ಹೊಡೆದುಕೊಂಡರು. ನಾನು ನೋಡಿದೆನೇ ಹೊರತು ಮನಸ್ಸೆಲ್ಲ ಸುರಪುರದಲ್ಲಿತ್ತು.

ಇದು ಜೂಜಲ್ಲ, ಕೈಯ ಕುಣಿತ

ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. “ಏಳವ್ವ, ದೊಡ್ಡವ್ವಗ ತೋರಿಸು. ನೋಡದ ನಾ ಯಾರ ಕಡೀನೂ ಮಾತಾಡಂಗಿಲ್ಲ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದಿಂಬಿನ ಕೆಳಗಿನಿಂದ ಮೊಬೈಲು ತೆಗೆದಳು.

ಒಂದು ನಿಮಿಷದ ವಿಡಿಯೋ. ಮುಖವಿಲ್ಲ, ಎರಡು ಕೈಗಳು ಮಾತ್ರ. ಎಡಗೈಯ ಬೆರಳತುದಿಯಲ್ಲಿ ಎಲೆಯ ಕಟ್ಟು. ನೋಡನೋಡುತ್ತಲೇ ಅದು ಎರಡಾಯಿತು, ನಾಲ್ಕಾಯಿತು, ಬೆರಳು ಬೆರಳಿಗೂ ಒಂದೊಂದು ಎಸಳಿನಂತೆ ಬಿಚ್ಚಿಕೊಂಡಿತು, ಸರಕ್ಕನೆ ಮತ್ತೆ ಒಂದೇ ಕಟ್ಟಾಗಿ ಮುಚ್ಚಿಕೊಂಡಿತು. ಒಂದು ಎಲೆ ಗಿರ್ರನೆ ಹಾರಿ ಇನ್ನೊಂದು ಕೈಗೆ ಬಂತು. ಮೋಸವಿಲ್ಲ, ಪಣವಿಲ್ಲ. ಜಾದೂಗಾರರು ಕೇಳುವಂತೆ ‘ನಿಮ್ಮ ಎಲೆ ಯಾವುದು?’ ಎಂಬ ಪ್ರಶ್ನೆಯೂ ಇಲ್ಲ. ನೋಡುವುದಕ್ಕೆ ಚೆಂದ, ಅಷ್ಟೇ!

ಈ ಕಲೆಗೆ ‘ಕಾರ್ಡಿಸ್ಟ್ರಿ’ ಎಂದು ಹೆಸರಂತೆ. ‘ಕಾರ್ಡ್’, ‘ಆರ್ಟಿಸ್ಟ್ರಿ’ ಎರಡನ್ನೂ ಕೂಡಿಸಿ ಮಾಡಿದ ಪದ. ಆಮೇಲೆ ನಾನೂ ಓದಿ ತಿಳಿದುಕೊಂಡೆ. ಜಾದೂಗಾರರು ಆಟದ ನಡುವೆ ಜನರ ಕಣ್ಣು ಸೆಳೆಯಲು ಎಲೆಯನ್ನು ಬೀಸಣಿಗೆಯಂತೆ ಬಿಚ್ಚುವುದು, ಒಂದೇ ಕೈಯಲ್ಲಿ ಕತ್ತರಿಸುವುದು ಬಹಳ ಹಿಂದಿನಿಂದಲೂ ಇತ್ತು. ಒಂಟಿಗೈಯ ಕತ್ತರಿಗೆ ‘ಚಾರ್ಲಿಯರ್ ಕಟ್’ ಎಂಬ ಹೆಸರಿದೆ. 19ನೆಯ ಶತಮಾನದ ಎಲೆಜಾದೂಗಾರನೊಬ್ಬನ ಹೆಸರು ಅದು. ಕಟ್ಟಿನ ಕೆಳಗಿನ ಅರ್ಧವನ್ನು ಹೆಬ್ಬೆರಳು ಸಡಿಲಿಸಿ ಅಂಗೈಗೆ ಬೀಳಿಸುತ್ತದೆ, ತೋರುಬೆರಳು ಅದನ್ನು ಮೇಲೆತ್ತುತ್ತದೆ, ಮೇಲಿದ್ದ ಅರ್ಧ ಕೆಳಕ್ಕೆ ಜಾರುತ್ತದೆ. ಹೇಳಲು ಒಂದು ವಾಕ್ಯ, ಕಲಿಯಲು ಹುಡುಗಿಗೆ ಹದಿನೆಂಟು ದಿನ ಹಿಡಿಯಿತಂತೆ!

1992ರಲ್ಲಿ ಕ್ರಿಸ್ ಕೆನ್ನರ್ ಎಂಬ ಅಮೆರಿಕದ ಜಾದೂಗಾರ ತನ್ನ ಪುಸ್ತಕದಲ್ಲಿ ‘ಸಿಬಿಲ್’ ಎಂಬ, ಎರಡೂ ಕೈಗಳ ಕತ್ತರಿಯೊಂದನ್ನು ವಿವರಿಸಿದ. ಕ್ಯಾಲಿಫೋರ್ನಿಯಾದ ಅವಳಿ ಸೋದರರಾದ ಡ್ಯಾನ್ ಮತ್ತು ಡೇವ್ ಬಕ್ ಅದನ್ನು ಕಲಿತು, ತಿರುವಿ, ಹಿಗ್ಗಿಸಿ, ತಮ್ಮದೇ ನೂರು ಬಗೆ ಮಾಡಿದರು. 2004ರಲ್ಲೂ 2007ರಲ್ಲೂ ಅವರು ಹೊರತಂದ ಕಲಿಕೆಯ ಡಿವಿಡಿಗಳನ್ನು ನೋಡಿ ಊರೂರ ಹುಡುಗರು ಎಲೆ ಹಿಡಿದರು. ಸಿಂಗಪುರದಲ್ಲಿ ‘ದಿ ವಿರ್ಟ್ಸ್’ ಎಂಬ ಗೆಳೆಯರ ಗುಂಪು ಹುಟ್ಟಿತು. 2014ರಲ್ಲಿ ಲಾಸ್ ಏಂಜಲೀಸಿನಲ್ಲಿ ಇವರದೇ ಮೊದಲ ಸಮ್ಮೇಳನವೂ ನಡೆಯಿತು. ಹೆಚ್ಚಿನವರು ಗಂಡುಹುಡುಗರೇ. ಆದರೂ ಅನ್ನಾ ಡಿಗುಸ್ಮನ್ ಎಂಬ ತರುಣಿ 2023ರಲ್ಲಿ ಅಮೆರಿಕದ ದೊಡ್ಡ ಟಿವಿ ಪ್ರತಿಭಾ ಸ್ಪರ್ಧೆಯಲ್ಲಿ ಎಲೆ ಹಿಡಿದೇ ಎರಡನೆಯ ಸ್ಥಾನ ಗೆದ್ದಳು. ನಮ್ಮ ಹುಡುಗಿ ನೋಡಿ ಮರುಳಾದದ್ದು ಅವಳನ್ನೇ. ಏಳು ತಿಂಗಳಿಂದ ಎಲ್ಲರೂ ಮಲಗಿದ ಮೇಲೆ ಮಾಳಿಗೆ ಹತ್ತಿ ಕಲಿಯುತ್ತಿದ್ದಳಂತೆ. ಎಲೆ ಕೊಂಡದ್ದು ಹಬ್ಬಕ್ಕೆ ನಾನೇ ಕೊಟ್ಟ ದುಡ್ಡಿನಿಂದ ಎಂದು ತಿಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ನಕಲು” ಎಂಬ ಒಂದು ಮಾತು

“ಅಪ್ಪ ಸುಟ್ಟಿದ್ದಕ್ಕ ಇಷ್ಟು ಸಿಟ್ಟು ಯಾಕವ್ವ? ಅವರ ಕಷ್ಟ ನಿಂಗ ಗೊತ್ತಿಲ್ಲೇನು?” ಅಂದೆ.

“ಅದಕ್ಕಲ್ಲ ದೊಡ್ಡವ್ವ. ಅಪ್ಪ ಸುಟ್ಟಿದ್ದು ಕಾಗದ. ಇದನ್ನ ಓದು.”

ವಿಡಿಯೋದ ಕೆಳಗೆ ಯಾರೋ ಮೂರು ಶಬ್ದ ಬರೆದಿದ್ದರು: ‘ಎಲ್ಲಾ ಕಾಪಿ, ಸ್ವಂತದ್ದೇನಿಲ್ಲ.’ ಅದರ ಕೆಳಗೆ ಮೂಲದ ವಿಡಿಯೋವನ್ನೂ ಅಂಟಿಸಿದ್ದರು. ಎರಡನ್ನೂ ನೋಡಿದೆ. ಬರೆದವರ ಮಾತು ಒರಟಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಅದೇ ಕಪ್ಪು ಬಟ್ಟೆ ಹಾಸಿದ ಮೇಜು, ಅದೇ ಮಬ್ಬು ಬೆಳಕು, ಅದೇ ಧಡಧಡ ಸಂಗೀತ, ಅದೇ ಕಪ್ಪು ಅಂಗಿಯ ತೋಳು. ಕೈಚಳಕಗಳ ಸರದಿ ಕೂಡ ಹಾಗೆಯೇ. ಶಹಾಪುರದ ಬೆಟ್ಟದ ಫೋಟೋ ನೆನಪಾಯಿತು. ಬುದ್ಧ ದೊಡ್ಡವನೇ, ಆದರೆ ಎಲ್ಲರೂ ನಿಂತ ಜಾಗದಲ್ಲೇ ನಿಂತು ತೆಗೆದರೆ ಎಲ್ಲರದೂ ಒಂದೇ ಫೋಟೋ!

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ವಿಡಿಯೋದಲ್ಲಿ ಅವಳ ಕೈ ಬೋಳಾಗಿತ್ತು.

“ಬಳಿ ಎಲ್ಲವ್ವ?”

“ಅಲ್ಲಿ ಯಾರೂ ಹಾಕ್ಕೊಳ್ಳಂಗಿಲ್ಲ. ಮ್ಯಾಲ ಎಲಿ ತಗಲ್ತಾವ. ತೆಗೆದಿಟ್ಟೆ.”

ತಂಗಿ ಬಾಗಿಲಲ್ಲಿ ನಿಂತು, “ಆಟಕ್ಕಂತ ಬಳಿ ತೆಗದಾಳ ನೋಡಕ್ಕ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾಯಿಗೆ ಅದೇ ದೊಡ್ಡ ನೋವು. ಹುಡುಗಿಗೆ ‘ನಕಲು’ ಎಂಬ ಮಾತಿನ ನೋವು. ಅಪ್ಪನಿಗೆ ನಾಲ್ಕು ಎಕರೆಯ ನೋವು. ಒಂದೇ ಕಟ್ಟು ಎಲೆ, ಮೂವರಿಗೆ ಮೂರು ಬಗೆಯ ಸಂಕಟ.

ಈ ಕೌದಿ ಯಾರದು?

ನನಗೆ ಎಲೆಯ ವಿದ್ಯೆ ಏನು ಗೊತ್ತು? ಗೊತ್ತಿದ್ದದ್ದು ಕೌದಿ. ಟ್ರಂಕಿನಿಂದ ಎರಡು ಹಳೆಯ ಕೌದಿ ತೆಗೆಸಿದೆ. ಒಂದು ನಮ್ಮವ್ವ ಹೊಲಿದದ್ದು, ಇನ್ನೊಂದು ತಂಗಿ ಹೊಲಿದದ್ದು. “ಯಾವುದು ಯಾರದು ಹೇಳು” ಅಂದೆ. ಹುಡುಗಿ ಬೆರಳಾಡಿಸಿ ಒಂದೇ ಕ್ಷಣದಲ್ಲಿ ಹೇಳಿದಳು: “ಇದು ಅಜ್ಜೀದು, ಹೊಲಿಗಿ ಸಣ್ಣವು, ಒತ್ತೊತ್ತಾಗಿ ಅವ. ಇದು ಅವ್ವಂದು, ಹೊಲಿಗಿ ಓಡ್ಯಾವ.”

“ಇಬ್ಬರದೂ ಅದೇ ಸೂಜಿ, ಅದೇ ದಾರ, ಅದೇ ಹಳೇ ಸೀರಿ. ನಿಮ್ಮವ್ವ ಕಲ್ತದ್ದೂ ಅಜ್ಜಿ ಕಡಿಂದನ. ಮತ್ತ ಬ್ಯಾರೆ ಹೆಂಗಾಯ್ತು?”

ಹುಡುಗಿ ಮಾತಾಡಲಿಲ್ಲ. ನಾನೇ ಮುಂದುವರಿಸಿದೆ. ಅಜ್ಜಿಗೆ ಸಮಯವಿತ್ತು, ಕೂತು ಹೊಲಿದರು. ನಿಮ್ಮವ್ವ ಅಂಗಡಿಗೂ ಒಲೆಗೂ ನಡುವೆ ಓಡಾಡುತ್ತ ಹೊಲಿದಳು. ಅವರ ದಿನಗಳೇ ಹೊಲಿಗೆಯಲ್ಲಿ ಕೂತಿವೆ. ಬೇರೆಯಾಗಬೇಕೆಂದು ಇಬ್ಬರೂ ಹಟ ಮಾಡಿದ್ದಲ್ಲ. ತಮ್ಮ ಕೈಯನ್ನು ಬಚ್ಚಿಡಲಿಲ್ಲ, ಅಷ್ಟೇ.

ದೂರ ಹೋಗುವುದೇಕೆ? ಇದೇ ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯನ್ನೇ ನೋಡಿ. ಗರುಡಾದ್ರಿ ಮನೆತನದವರು ಬರೆದ ಚಿತ್ರಗಳಲ್ಲಿ ಇರುವುದು ನಾಡೆಲ್ಲ ಬರೆದ ಅದೇ ದೇವರುಗಳು. ಮೈಸೂರಿನವರೂ ತಂಜಾವೂರಿನವರೂ ಅದೇ ದೇವರನ್ನು ಚಿನ್ನದಲ್ಲಿ ಬರೆದರು. ಆದರೂ ಬಲ್ಲವರು ನೋಡಿದೊಡನೆ ‘ಇದು ಸುರಪುರದ್ದು’ ಎನ್ನುತ್ತಾರೆ.

ಅಷ್ಟೇ ಏಕೆ, ಈ ಎಲೆಯೇ ನಮಗೆ ಹೊರಗಿನದಲ್ಲ! 1527ರಲ್ಲಿ ಬಾಬರನು ಸಿಂಧ್ ಪ್ರಾಂತದ ಸ್ನೇಹಿತನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಹೊರಗಿನಿಂದ ಬಂದ ಆ ಆಟವನ್ನು ನಮ್ಮವರು ಹಾಗೆಯೇ ಇಟ್ಟುಕೊಂಡರೇ? ಇಲ್ಲ. ದುಂಡನೆಯ ಎಲೆಗಳ ಮೇಲೆ ದಶಾವತಾರ ಬರೆದರು. ಅವತಾರಕ್ಕೆ 12ರಂತೆ 120 ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ತಮ್ಮದೇ ಹೊಸ ಆಟಗಳನ್ನು ಕಟ್ಟಿ, ಅವುಗಳಿಗೆ ‘ಛದ’ ಎಂದು ಹೆಸರಿಟ್ಟು, ದೇವತೆಗಳ ಚಿತ್ರದ ಎಲೆಗಳನ್ನು ಮಾಡಿಸಿದರು. ಎರವಲು ತಂದದ್ದು ಹೌದು. ಆದರೆ ಆ ಎಲೆಗಳನ್ನು ನೋಡಿ ಯಾರಾದರೂ ನಕಲು ಎನ್ನುತ್ತಾರೆಯೇ?

ಹಾಗೆಂದು ಹುಡುಗಿಯ ತಪ್ಪನ್ನೂ ಮುಚ್ಚಲಿಲ್ಲ. “ಕಲಿಯೋದಕ್ಕ ನೋಡಿ ಮಾಡೋದು ತಪ್ಪಲ್ಲ. ಆದ್ರ ಯಾರ ಹತ್ರ ಕಲ್ತಿ ಅಂತ ಹೇಳದ ಊರಿಗೆಲ್ಲ ತೋರಿಸಿದ್ದು ತಪ್ಪು” ಅಂದೆ. ಈ ಕಲೆಯವರಲ್ಲೂ ಅದೇ ಮರ್ಯಾದೆಯಂತೆ. ಕೈಚಳಕ ಯಾರು ಕಂಡುಹಿಡಿದದ್ದೋ ಅವರ ಹೆಸರು ಹೇಳಿಯೇ ತೋರಿಸಬೇಕು. ಹುಡುಗಿಗೆ ಅದು ಗೊತ್ತಿತ್ತು. “ಹೇಳಿದ್ರ ನಂದೇನು ಉಳೀತದ ಅಂತ ಬಿಟ್ಟೆ ದೊಡ್ಡವ್ವ” ಎಂದು ತಲೆ ತಗ್ಗಿಸಿದಳು. ನಿಜವಾದ ಭಯ ಅಲ್ಲಿತ್ತು ನೋಡಿ.

ಬಳೆಯೇ ದಾರಿ ತೋರಿತು

ಪಕ್ಕದ ಮನೆಯ ಹುಡುಗನಿಂದ ಹಳೆಯ ಎಲೆಕಟ್ಟು ತರಿಸಿದೆ. ಹೊಸ್ತಿಲ ಆಣೆ ಇದೆಯಲ್ಲ, ಹೊರಗಿನ ಮೆಟ್ಟಿಲಿಂದಲೇ ಮಾಳಿಗೆಗೆ ಹೋದೆವು. “ಬಳಿ ಹಾಕ್ಕೊಂಡು ಮಾಡು” ಅಂದೆ.

“ಆಗಂಗಿಲ್ಲ ದೊಡ್ಡವ್ವ” ಎಂದಳು. ನಿಜ, ಆಗಲಿಲ್ಲ. ಮಣಿಕಟ್ಟಿನ ಕೆಳಗೆ ಎಲೆ ಜಾರಿಸುವ ಒಂದು ವರಸೆಯಿತ್ತು. ಪ್ರತಿಸಲವೂ ಎಲೆ ಬಳೆಗೆ ತಗಲಿ ಚೆಲ್ಲಿಹೋಗುತ್ತಿತ್ತು. ಆರಿಸಿ ಆರಿಸಿ ನನ್ನ ಸೊಂಟ ನೋಯಿತು. ಎಲೆಗಳೂ ಅಗ್ಗದವು, ಬೆವರಿಗೆ ಒಂದಕ್ಕೊಂದು ಅಂಟಿಕೊಂಡು ಬೀಸಣಿಗೆ ಸಮನಾಗಿ ಬಿಚ್ಚುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಅವಳೇ ದಾರಿ ಕಂಡುಕೊಂಡಳು. ಜಾರಿಸುವುದನ್ನು ಬಿಟ್ಟು, ಎಲೆಕಟ್ಟನ್ನು ಬಳೆಗೇ ಮೆಲ್ಲಗೆ ಆನಿಸಿ, ಅಲ್ಲಿಂದ ತಿರುಗಿಸಿದಳು. ಬಳೆಗಳು ಝಣ್ ಎಂದವು. ಎಲೆ ಇನ್ನೊಂದು ಕೈಗೆ ಬಂದು ಕೂತಿತು! ಬೀಸಣಿಗೆ ಬರುವುದಿಲ್ಲವೆಂದು ಅದನ್ನೂ ಬಿಟ್ಟು, ದಪ್ಪ ತುಂಡುಗಳ ಕತ್ತರಿಯನ್ನೇ ನಿಧಾನವಾಗಿ ಮಾಡಿದಳು. ತಾನು ನೋಡಿದ ವಿಡಿಯೋಗಳಲ್ಲಿ ಇದಿಲ್ಲ ಎಂದು ಎರಡೆರಡು ಸಲ ಹೇಳಿದಳು. ಜಗತ್ತಿನಲ್ಲಿ ಬೇರೆ ಯಾರಾದರೂ ಮಾಡಿರಬಹುದು. ಆದರೆ ಇವಳು ಇದನ್ನು ಯಾರಿಂದಲೂ ತರಲಿಲ್ಲ. ತನ್ನ ಕೈಯ ತೊಡಕಿನಿಂದಲೇ ಪಡೆದಳು.

ಮರುದಿನ ಬೆಳಿಗ್ಗೆ ಅಜ್ಜಿಯ ಕೌದಿ ಹಾಸಿ, ಎಳೆಬಿಸಿಲಿನಲ್ಲಿ, ತಂಗಿಯೇ ಮೊಬೈಲು ಹಿಡಿದು ವಿಡಿಯೋ ತೆಗೆದಳು. ಸಂಗೀತ ಬೇಡವೆಂದಳು ಹುಡುಗಿ. ಎಲೆಯ ಸರಸರ, ಬಳೆಯ ಸದ್ದು, ಕೆಳಗೆ ಯಾರೋ ಬಟ್ಟೆ ಒಗೆಯುವ ಸದ್ದು, ಇಷ್ಟೇ.

“ಇದರಾಗ ಸೋಲೋರು ಯಾರು?”

ಇನ್ನು ಉಳಿದದ್ದು ಅವಳ ಅಪ್ಪ. ರಾತ್ರಿ ಊಟದ ಮೇಲೆ ನಾನೇ ಮಾತೆತ್ತಿದೆ. “ಒಂದ್ ಸಲ ನೋಡ್ರಿ. ನೋಡಿದ ಮ್ಯಾಲ ಬ್ಯಾಡಂದ್ರ ನಾನೂ ಬ್ಯಾಡಂತೀನಿ.”

“ಅಕ್ಕಾರ, ನೀವು ಹೇಳ್ತೀರಂತ ನೋಡ್ತೀನ್ರಿ” ಎಂದು ಮೊಬೈಲು ತೆಗೆದುಕೊಂಡರು. ಎಲೆ ಕಂಡೊಡನೆ ಮುಖ ಗಂಟಿಕ್ಕಿತು. ಆದರೂ ಕೊನೆಯವರೆಗೂ ನೋಡಿದರು. ಆಮೇಲೆ ಮಗಳನ್ನು ಕೇಳಿದ್ದು ಒಂದೇ ಪ್ರಶ್ನೆ.

“ಇದರಾಗ ಸೋಲೋರು ಯಾರು?”

“ಯಾರೂ ಇಲ್ಲಪ್ಪ. ಎಲಿ ಬಿದ್ರ ನಾನs ಎತ್ಕೋಬೇಕು.”

ಅವರು ಬಹಳ ಹೊತ್ತು ಸುಮ್ಮನಿದ್ದರು. ಹುಡುಗಿಯೇ ಮೆಲ್ಲಗೆ, “ಅಪ್ಪ, ನೀ ಪೊಟ್ಟಣ ಕಟ್ಟೋದು ಯಾರ ಕಡಿಂದ ಕಲ್ತಿ?” ಎಂದಳು. “ಹಳೇ ಸಾವಕಾರ ಕಡಿಂದ” ಎಂದರು. “ಮತ್ತ ಮಂದಿ ಪೊಟ್ಟಣ ನೋಡಿ ನಿನ್ನ ಅಂಗಡೀದು ಅಂತ ಹೆಂಗ ಹೇಳ್ತಾರ?” ಎಂದಳು. ಅದಕ್ಕೆ ಅವರು ಉತ್ತರ ಕೊಡಲಿಲ್ಲ.

ಅವರು ಒಪ್ಪಿ ಮಗಳ ಬೆನ್ನು ತಟ್ಟಿದರು ಎಂದು ಬರೆದರೆ ಸುಳ್ಳಾದೀತು. ಆಣೆ ಆಣೆಯೇ, ಎಲೆ ಹೊಸ್ತಿಲ ದಾಟಿ ಒಳಗೆ ಬರಕೂಡದು ಎಂದರು. ಮಾಳಿಗೆಯ ಮೇಲಿನ ಡಬ್ಬಿಯಲ್ಲಿ ಇರಲಿ. ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಅರ್ಧ ಗಂಟೆ. ಮುಖ ತೋರಿಸಬಾರದು. ಹುಡುಗಿ ಎಲ್ಲಕ್ಕೂ ಹೂಂ ಎಂದಳು. ನಾನು ಊರಿಗೆ ಹೊರಟಾಗ ಸುಟ್ಟ ಎಲೆಯ ಬೆಲೆ ಎಷ್ಟೆಂದು ಅವರು ತಂಗಿಯನ್ನು ಕೇಳುತ್ತಿದ್ದದ್ದು ಕಿವಿಗೆ ಬಿತ್ತು. ಕೊಡಿಸಿದರೋ ಇಲ್ಲವೋ, ನಾನು ಕೇಳಿಲ್ಲ.

ಹಳೆಯ ವಿಡಿಯೋದ ಕೆಳಗೆ ಹುಡುಗಿ ಈಗ ತಾನು ಯಾರಿಂದ ಕಲಿತೆನೆಂದು ಬರೆದಿದ್ದಾಳೆ. ಹೊಸದನ್ನು ನೋಡಿದವರು ಕಡಿಮೆಯೇ. ಆದರೆ ಒಬ್ಬರು ಕೇಳಿದ್ದಾರೆ: ‘ಬಳೆಯ ಮೇಲೆ ತಿರುಗಿಸಿದ್ದು ಹೇಗೆ, ಕಲಿಸುತ್ತೀರಾ?’ ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದಾಗ ಅವಳ ದನಿ ನಡುಗುತ್ತಿತ್ತು.

ತಾಯಂದಿರಿಗೆ ನಾಲ್ಕು ಮಾತು

ನಿಮ್ಮ ಮನೆಯಲ್ಲೂ ಮಗನೋ ಮಗಳೋ ಎಲೆ ಹಿಡಿದಿದ್ದರೆ ಮೊದಲು ಕೂತು ನೋಡಿ. ಪಣ ಕಟ್ಟುವ ಆಟ ಬೇರೆ, ಕೈಯ ವಿದ್ಯೆ ಬೇರೆ. ದುಡ್ಡು ಹಚ್ಚುವ ಮೊಬೈಲ್ ಆಟಗಳ ಮೇಲೆ ಮಾತ್ರ ಕಣ್ಣಿಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಮಕ್ಕಳಿಗೂ ಇದನ್ನು ತಿಳಿಸಿ.

ಕಲಿಯುವಾಗ ಹಾಸಿಗೆಯ ಮೇಲೆ ಇಲ್ಲವೆ ಮಡಿಸಿದ ಕೌದಿಯ ಮೇಲೆ ಕೈಯಿಟ್ಟು ಮಾಡಲಿ. ಬಿದ್ದ ಎಲೆಯ ಅಂಚು ಮುರಿಯುವುದಿಲ್ಲ, ಆರಿಸುವುದೂ ಸುಲಭ. ಕೈ ತೊಳೆದು ಒರೆಸಿಕೊಂಡು ಹಿಡಿದರೆ ಎಲೆ ಹೆಚ್ಚು ದಿನ ಬಾಳುತ್ತದೆ. ಬೆರಳು ನೋಯತೊಡಗಿದರೆ ಅಂದಿಗೆ ಸಾಕು.

ವಿಡಿಯೋ ಹಾಕುವುದಾದರೆ ಮುಖ, ಮನೆಯ ಗುರುತು, ಕಾಲೇಜಿನ ಹೆಸರು ಬೇಡ. ಯಾರಿಂದ ಕಲಿತದ್ದೋ ಅವರ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಲಿ. ಬರೆದರೆ ತಮ್ಮದು ಕಡಿಮೆಯಾಗುತ್ತದೆಂಬ ಭಯ ಬೇಡ. ರುಚಿಯಾದ ಹೋಳಿಗೆಯನ್ನು ‘ಅತ್ತೆ ಕಲಿಸಿದ್ದು’ ಎಂದು ಬಡಿಸಿದರೆ ನಮ್ಮ ಕೈರುಚಿ ಎಲ್ಲಿ ಹೋಗುತ್ತದೆ?

ಕೊನೆಯದಾಗಿ, “ಸ್ವಂತದ್ದು ಏನಾದರೂ ಮಾಡು” ಎಂದು ಮಕ್ಕಳನ್ನು ಹಿಂಡಬೇಡಿ. ಮೊದಲು ಚೆನ್ನಾಗಿ ಅನುಕರಿಸಲಿ. ಆಮೇಲೆ, ಅವರು ಅಡ್ಡಿಯೆಂದು ತೆಗೆದಿಟ್ಟದ್ದು ಏನೆಂದು ಒಮ್ಮೆ ಕೇಳಿ. ನಮ್ಮ ಹುಡುಗಿ ತೆಗೆದಿಟ್ಟದ್ದು ಎರಡು ಡಜನ್ ಗಾಜಿನ ಬಳೆ.